ಪೈಗೇಮ್ ಆಟ ಹ್ಯಾಂಗ್ ಆಗದಂತೆ ಅಸೆಟ್ ಲೋಡ್ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಮಿನಿ ಪ್ರಾಜೆಕ್ಟ್‌ಗೆಂದು ಪೈಥಾನ್‌ನಲ್ಲಿ ಆಟ ಬರೆಯುವವರಿಗಾಗಿ ಈ ಪುಟ. ಅಸೆಟ್ ಎಂದರೆ ಆಟಕ್ಕೆ ಬೇಕಾದ ಚಿತ್ರ, ಧ್ವನಿ, ಫಾಂಟ್, ಮ್ಯಾಪ್ ಫೈಲ್‌ಗಳು. ಉದಾಹರಣೆಗೆಲ್ಲ ಒಂದೇ ಆಟ ಇಟ್ಟುಕೊಂಡಿದ್ದೇವೆ: ಮೇಲಿನಿಂದ ನೋಡುವ 2ಡಿ ಕೋಟೆ ಆಟ. ಆಟಗಾರ ರಂಗಯ್ಯನ ಬಾಗಿಲಿನಿಂದ ಹೊರಟು, ಚಿತ್ರದುರ್ಗದ ಏಳು ಸುತ್ತು ದಾಟಿ, ತುಪ್ಪದ ಕೊಳದ ಬತ್ತೇರಿ ಹತ್ತಬೇಕು. ಲೈಬ್ರರಿ ಪೈಗೇಮ್ 2 ಆದರೂ ಸರಿ, ಪೈಗೇಮ್-ಸಿಇ (ಅದರ ಸಮುದಾಯ ಆವೃತ್ತಿ) ಆದರೂ ಸರಿ. ಫಂಕ್ಷನ್ ಹೆಸರುಗಳನ್ನು ಉಚ್ಚಾರಣೆಯಂತೆ ಬರೆದಿದ್ದೇವೆ.

ಆಟ ಓಪನ್ ಮಾಡಿದ ಕೂಡಲೇ ವಿಂಡೋ ಮಂಕಾಗಿ ‘ನಾಟ್ ರೆಸ್ಪಾಂಡಿಂಗ್’ ಅಂತ ಬರುತ್ತೆ, ಆಮೇಲೆ ತಾನೇ ಸರಿಹೋಗುತ್ತೆ. ಏನಿದು?

ಕೋಡ್ ಕೆಟ್ಟಿಲ್ಲ, ಬ್ಯುಸಿಯಾಗಿದೆ ಅಷ್ಟೇ. ವಿಂಡೋ ತೆರೆದ ಮೇಲೆ ಅದಕ್ಕೆ ಬರುವ ಸಂದೇಶಗಳನ್ನು (ಮೌಸ್, ಕೀಬೋರ್ಡ್, ಕ್ಲೋಸ್ ಬಟನ್) ನಿಮ್ಮ ಪ್ರೋಗ್ರಾಂ ಆಗಾಗ ಓದುತ್ತಿರಬೇಕು. ವಿಂಡೋಸ್ 5 ಸೆಕೆಂಡ್ ಕಾದು ನೋಡುತ್ತದೆ. ಅಷ್ಟರೊಳಗೆ ಓದದಿದ್ದರೆ ಈ ಪ್ರೋಗ್ರಾಂ ಸತ್ತಿದೆ ಎಂದು ಲೆಕ್ಕ ಹಾಕಿ ಮಂಕು ಮಾಡುತ್ತದೆ. ಉಬುಂಟುವಿನ ಗ್ನೋಮ್‌ನಲ್ಲೂ ಡೀಫಾಲ್ಟ್ 5 ಸೆಕೆಂಡೇ. ಅಲ್ಲಿ ‘ಫೋರ್ಸ್ ಕ್ವಿಟ್’ ಮಾಡಲೇ ಎಂದು ಕೇಳುತ್ತದೆ. ‘ಸೆಟ್ ಮೋಡ್’ (ವಿಂಡೋ ತೆರೆಯುವ ಫಂಕ್ಷನ್) ಕರೆದ ಮೇಲೆ, ಮುಖ್ಯ ಲೂಪ್ ಶುರುವಾಗುವ ಮುಂಚೆ, 400 ಚಿತ್ರಗಳನ್ನು ಒಂದೇ ಉಸಿರಿಗೆ ಲೋಡ್ ಮಾಡುವ ಫಾರ್ ಲೂಪ್ ಇದ್ದರೆ ಹೀಗಾಗುವುದು ಸಹಜ.

ಹಾಗಾದರೆ ಆ ಫಾರ್ ಲೂಪ್ ಒಳಗೇ ‘ಈವೆಂಟ್.ಪಂಪ್’ ಕರೆದರೆ ಸಾಕಲ್ಲ?

ಅದು ಬಂದ ಸಂದೇಶಗಳನ್ನು ಸಾಲಿಗೆ ತಂದಿಡುತ್ತದೆ, ಹಾಗಾಗಿ ಮಂಕಾಗುವುದು ನಿಲ್ಲುತ್ತದೆ. ನಾಳೆ ಬೆಳಿಗ್ಗೆ ಡೆಮೊ ಇದ್ದರೆ ಇವತ್ತು ರಾತ್ರಿಗೆ ಅದೇ ಸಾಕು. ಆದರೆ ಪರದೆ ಹೊಸದಾಗಿ ಬರೆಯಲ್ಪಡುವುದಿಲ್ಲ, ಕ್ಲೋಸ್ ಒತ್ತಿದರೂ ಕ್ಲೋಸ್ ಆಗುವುದಿಲ್ಲ. ಅಷ್ಟು ಹೊತ್ತು ಒತ್ತಿದ ಕೀಗಳೆಲ್ಲ ಸಾಲಿನಲ್ಲಿ ಕೂತಿದ್ದು, ಆಟ ಶುರುವಾದ ಕ್ಷಣ ಒಟ್ಟಿಗೆ ಬಂದು ಬೀಳುತ್ತವೆ. ಬೇಸರಕ್ಕೆ ನಾಲ್ಕು ಸಲ ಎಂಟರ್ ಒತ್ತಿದವರು ಮೆನು, ಹೆಸರು, ಹಂತ ಎಲ್ಲವನ್ನೂ ದಾಟಿ ಎಲ್ಲೋ ಹೋಗಿ ನಿಂತಿರುತ್ತಾರೆ. ಆಟ ಶುರು ಮಾಡುವ ಮುನ್ನ ‘ಈವೆಂಟ್.ಕ್ಲಿಯರ್’ ಕರೆಯುವುದು ಒಳ್ಳೆಯ ಅಭ್ಯಾಸ. ಕ್ಲೋಸ್ ಬಟನ್ ಒತ್ತಿದ ಸಂದೇಶವೂ ಅದರ ಜೊತೆ ಅಳಿಸಿಹೋಗಬಾರದು ಅಂದರೆ ಕೀಬೋರ್ಡ್, ಮೌಸ್ ಈವೆಂಟ್‌ಗಳನ್ನು ಮಾತ್ರ ಕ್ಲಿಯರ್ ಮಾಡಿ.

ತಡ ಮಾಡುತ್ತಿರುವುದು ಯಾವುದು ಅಂತ ಕಂಡುಹಿಡಿಯುವುದು ಹೇಗೆ?

ಊಹೆ ಮಾಡಬೇಡಿ, ಅಳೆಯಿರಿ. ‘ಇಮೇಜ್.ಲೋಡ್’, ‘ಸೌಂಡ್’, ಫಾಂಟ್, ಮ್ಯಾಪ್ ಫೈಲ್ ಓದುವುದು, ಇವಕ್ಕೆಲ್ಲ ಒಂದೇ ಸಣ್ಣ ಫಂಕ್ಷನ್ ಬರೆದು ಅದರ ಮೂಲಕವೇ ಕರೆಯಿರಿ. ಹಿಂದೆ ಮುಂದೆ ‘ಟೈಮ್.ಪರ್ಫ್ ಕೌಂಟರ್’ ಇಟ್ಟು, 10 ಮಿಲಿಸೆಕೆಂಡ್ ಮೀರಿದ್ದನ್ನು ಮಾತ್ರ ಫೈಲ್ ಹೆಸರಿನ ಸಮೇತ ಪ್ರಿಂಟ್ ಮಾಡಿಸಿ. ‘ಟೈಮ್.ಟೈಮ್’ ಬೇಡ, ಗಡಿಯಾರ ಸರಿಪಡಿಸಿದರೆ ಅದು ಹಿಂದೆ ಮುಂದೆ ಜಿಗಿಯಬಹುದು.

ಸಾಮಾನ್ಯವಾಗಿ ಪಟ್ಟಿಯ ಮೇಲ್ಭಾಗದಲ್ಲಿ ಕಾಣುವುದು ಮೂರು: ಪೂರ್ತಿ ಹಾಡನ್ನು ‘ಸೌಂಡ್’ ಆಗಿ ಲೋಡ್ ಮಾಡಿದ್ದು, ‘ಸಿಸ್‌ಫಾಂಟ್’ನ ಮೊದಲ ಕರೆ (ಅದು ಕಂಪ್ಯೂಟರಿನಲ್ಲಿರುವ ಫಾಂಟ್‌ಗಳನ್ನೆಲ್ಲ ಹುಡುಕುತ್ತದೆ), ಮತ್ತು ಒಂದೇ ಒಂದು ದೈತ್ಯ ಹಿನ್ನೆಲೆ ಚಿತ್ರ. ಇವನ್ನು ಸರಿಮಾಡಿದರೆ ಎಷ್ಟೋ ಪ್ರಾಜೆಕ್ಟ್‌ಗಳಿಗೆ ಈ ಪುಟದ ಉಳಿದ ಭಾಗ ಬೇಕಾಗುವುದೇ ಇಲ್ಲ. ವಿಂಡೋ ಕಾಣಿಸುವ ಮೊದಲೇ ತಡವಾಗುತ್ತಿದ್ದರೆ ಅದು ಇಂಪೋರ್ಟ್‌ಗಳ ಸಮಯ. ಪೈಥಾನ್‌ಗೆ ‘-ಎಕ್ಸ್ ಇಂಪೋರ್ಟ್‌ಟೈಮ್’ ಕೊಟ್ಟು ಓಡಿಸಿದರೆ ಯಾವ ಮಾಡ್ಯೂಲ್ ಎಷ್ಟು ತಿಂದಿತು ಎಂದು ತೋರಿಸುತ್ತದೆ.

ಒಂದು ಎಚ್ಚರಿಕೆ. ಎರಡನೇ ಸಲ ಓಡಿಸಿದಾಗ ಫೈಲ್‌ಗಳು ಆಪರೇಟಿಂಗ್ ಸಿಸ್ಟಂನ ಕ್ಯಾಶ್‌ನಲ್ಲಿ ಇರುತ್ತವೆ, ಡಿಸ್ಕ್ ಮುಟ್ಟುವುದೇ ಇಲ್ಲ. ನಿಜವಾದ ಅಂಕಿ ಬೇಕಾದರೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಮೊದಲ ಸಲದ್ದನ್ನು ಬರೆದಿಟ್ಟುಕೊಳ್ಳಿ.

ಸರಿ, ಸ್ವಲ್ಪ ಸ್ವಲ್ಪವೇ ಲೋಡ್ ಮಾಡುವ ಕೋಡ್ ಹೇಗಿರಬೇಕು?

ಜನರೇಟರ್ ಬಳಸಿ. ಥ್ರೆಡ್ (ಮುಖ್ಯ ಕೋಡ್ ಜೊತೆಜೊತೆಗೇ ಓಡುವ ಇನ್ನೊಂದು ಕೆಲಸದ ಎಳೆ) ಯೋಚನೆ ಆಮೇಲೆ. ಲೋಡ್ ಮಾಡುವ ಫಂಕ್ಷನ್ ಒಂದು ಅಸೆಟ್ ಮುಗಿಸಿದ ಮೇಲೆ ‘ಯೀಲ್ಡ್’ ಮಾಡಿ ಸುಮ್ಮನೆ ನಿಲ್ಲುತ್ತದೆ. ಮುಖ್ಯ ಲೂಪ್ ‘ನೆಕ್ಸ್ಟ್’ ಎಂದಾಗ ನಿಂತಲ್ಲಿಂದ ಮುಂದುವರಿಯುತ್ತದೆ. ಪರದೆಯನ್ನು ಒಮ್ಮೆ ಬರೆಯುವುದು ಒಂದು ಫ್ರೇಮ್, ಅದರಲ್ಲಿ ಲೋಡಿಂಗ್‌ಗೆ ಕೊಡುವ ಸಮಯ ಬಜೆಟ್. ಒಂದು ಫ್ರೇಮ್‌ನ ರೂಪ ಹೀಗೆ:

ಪ್ರತಿ ಫ್ರೇಮ್:
— ಈವೆಂಟ್‌ಗಳನ್ನು ಓದು. ಕ್ವಿಟ್ ಬಂದಿದ್ದರೆ ಹೊರಡು
— ಶುರು = ಪರ್ಫ್ ಕೌಂಟರ್
— ಶುರುವಿನಿಂದ ಬಜೆಟ್‌ನಷ್ಟು ಸಮಯ ಕಳೆಯುವ ತನಕ: ಜನರೇಟರ್‌ಗೆ ನೆಕ್ಸ್ಟ್, ‘ಸ್ಟಾಪ್ ಇಟರೇಷನ್’ ಬಂದರೆ ಲೋಡ್ ಮುಗಿಯಿತು
— ಪ್ರೋಗ್ರೆಸ್ ಬಾರ್ ಬರೆ
— ಫ್ಲಿಪ್
— ಕ್ಲಾಕ್ ಟಿಕ್ 60

ಮೂರನೇ ಸಾಲಿನಲ್ಲೇ ಹೆಚ್ಚಿನವರು ಎಡವುವುದು. ‘ಫ್ರೇಮ್‌ಗೆ ಒಂದು ಚಿತ್ರ’ ಎಂದು ಎಣಿಕೆಯಲ್ಲಿ ಬರೆದುಬಿಡುತ್ತಾರೆ. ತಲಾ 1 ಮಿಲಿಸೆಕೆಂಡ್ ಹಿಡಿಯುವ 400 ಸಣ್ಣ ಐಕಾನ್‌ಗಳು 0.4 ಸೆಕೆಂಡ್‌ನಲ್ಲಿ ಮುಗಿಯಬೇಕು. ಫ್ರೇಮ್‌ಗೆ ಒಂದರಂತೆ ಹೋದರೆ 400 ಫ್ರೇಮ್, ಅಂದರೆ 6.7 ಸೆಕೆಂಡ್. ಅತ್ತ ದೊಡ್ಡ ಚಿತ್ರ ಬಂದಾಗ ಆ ಒಂದೇ ಫ್ರೇಮ್ ಉದ್ದವಾಗುತ್ತದೆ. ಬಜೆಟ್ ಯಾವಾಗಲೂ ಸಮಯದಲ್ಲಿರಲಿ.

ಪ್ರತಿ ಚಿತ್ರಕ್ಕೂ ‘ಲೋಡ್’ ಆದ ಕೂಡಲೇ ‘ಕನ್ವರ್ಟ್’, ಪಾರದರ್ಶಕ ಭಾಗ ಇದ್ದರೆ ‘ಕನ್ವರ್ಟ್ ಆಲ್ಫಾ’ ಮಾಡಿ, ಆಮೇಲೆ ಡಿಕ್ಷನರಿಗೆ ಸೇರಿಸಿ. ಕನ್ವರ್ಟ್ ಚಿತ್ರವನ್ನು ಪರದೆಯ ಪಿಕ್ಸೆಲ್ ರೂಪಕ್ಕೆ ತರುತ್ತದೆ. ಕನ್ವರ್ಟ್ ಮಾಡದ ಸರ್ಫೇಸ್ (ಮೆಮೊರಿಯಲ್ಲಿರುವ ಚಿತ್ರ) ಫೈಲಿನ ಪಿಕ್ಸೆಲ್ ರೂಪದಲ್ಲೇ ಇರುತ್ತದೆ, ಹಾಗಾಗಿ ಪ್ರತಿ ಬ್ಲಿಟ್‌ನಲ್ಲೂ (ಪರದೆಗೆ ಚಿತ್ರ ಅಂಟಿಸುವಾಗ) ಪರಿವರ್ತನೆ ನಡೆಯುತ್ತದೆ. ಲೋಡಿಂಗ್ ಬೇಗ ಮುಗಿದರೂ ಆಟ ಕುಂಟುತ್ತದೆ. ಕನ್ವರ್ಟ್‌ಗೆ ‘ಸೆಟ್ ಮೋಡ್’ ಮೊದಲೇ ಆಗಿರಬೇಕು, ಇಲ್ಲದಿದ್ದರೆ ಎರರ್.

ಬಜೆಟ್ ಎಷ್ಟು ಇಡಬೇಕು?

60 ಫ್ರೇಮ್ ವೇಗದಲ್ಲಿ ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್ ಸಿಗುತ್ತದೆ. ಅದರಲ್ಲಿ 6 ಮಿಲಿಸೆಕೆಂಡ್ ಲೋಡಿಂಗ್‌ಗೆ ಕೊಟ್ಟರೆ ಶೇ. 36 ಮಾತ್ರ ಕೆಲಸ. ಒಟ್ಟು 2 ಸೆಕೆಂಡ್‌ನ ಲೋಡಿಂಗ್ 5.6 ಸೆಕೆಂಡ್‌ಗೆ ಎಳೆಯುತ್ತದೆ. ಲೋಡಿಂಗ್ ಪರದೆಯ ಮೇಲೆ ಒಂದು ಬಾರ್ ಮಾತ್ರ ಚಲಿಸುತ್ತಿದ್ದರೆ 60 ಫ್ರೇಮ್ ಯಾರಿಗೆ ಬೇಕು? 30ಕ್ಕೆ ಇಳಿಸಿ, 33 ಮಿಲಿಸೆಕೆಂಡ್‌ನಲ್ಲಿ 25 ಲೋಡಿಂಗ್‌ಗೆ ಕೊಡಿ. ಅದೇ 2 ಸೆಕೆಂಡ್ ಕೆಲಸ 2.7 ಸೆಕೆಂಡ್‌ನಲ್ಲಿ ಮುಗಿಯುತ್ತದೆ. ಆಟ ನಡೆಯುತ್ತಿರುವಾಗ ಹಿನ್ನೆಲೆಯಲ್ಲಿ ಲೋಡ್ ಮಾಡುವುದಾದರೆ 2ರಿಂದ 4 ಮಿಲಿಸೆಕೆಂಡ್, ಅದಕ್ಕಿಂತ ಹೆಚ್ಚು ಬೇಡ.

ಬಜೆಟ್ ಇಟ್ಟ ಮೇಲೂ ನಡುವೆ ಒಮ್ಮೆ ಜರ್ಕ್ ಹೊಡೆಯುತ್ತೆ.

ಎರಡು ಯೀಲ್ಡ್‌ಗಳ ನಡುವಿನ ಕೆಲಸವನ್ನು ಯಾರೂ ಮಧ್ಯದಲ್ಲಿ ನಿಲ್ಲಿಸಲಾರರು. ಮುಂದಿನ ತುಂಡು ಶುರು ಮಾಡಬೇಕೋ ಬೇಡವೋ ಎಂಬುದಷ್ಟೇ ಬಜೆಟ್‌ನ ತೀರ್ಮಾನ. ಶುರುವಾದ ತುಂಡು 80 ಮಿಲಿಸೆಕೆಂಡ್ ಹಿಡಿದರೆ ಐದು ಫ್ರೇಮ್ ಹೋದಂತೆ. 4096×4096ರ ಹಿನ್ನೆಲೆ ಚಿತ್ರ ಬಿಚ್ಚಿದ ಮೇಲೆ 64 ಎಂಬಿ. ಅದನ್ನು ಮೊದಲೇ 512×512ರ 64 ತುಂಡುಗಳಾಗಿ ಕತ್ತರಿಸಿ ಫೈಲ್ ಮಾಡಿಟ್ಟರೆ ತುಂಡಿಗೆ 1 ಎಂಬಿ. ಪರದೆಯ ಮೇಲೆ ಕಾಣುವ ತುಂಡುಗಳನ್ನಷ್ಟೇ ಬ್ಲಿಟ್ ಮಾಡುವ ಅನುಕೂಲ ಬೇರೆ.

ಪ್ರೋಗ್ರೆಸ್ ಬಾರ್ 90 ಪರ್ಸೆಂಟ್‌ಗೆ ಬಂದು ನಿಂತುಬಿಡುತ್ತೆ.

ಫೈಲ್‌ಗಳನ್ನು ಎಣಿಸಿ ಬಾರ್ ಮಾಡಿದ್ದೀರಿ, ಕೊನೆಯ ಫೈಲ್ ದೊಡ್ಡದು. ಪ್ರತಿ ಅಸೆಟ್‌ಗೂ ತೂಕ ಕೊಡಿ: ಚಿತ್ರಕ್ಕೆ ಉದ್ದ-ಅಗಲದ ಗುಣಲಬ್ಧ, ಧ್ವನಿಗೆ ಸೆಕೆಂಡ್‌ಗಳು. ಪಿಎನ್‌ಜಿ ಫೈಲಿನ ಕೆಬಿ ಲೆಕ್ಕ ಮೋಸ ಮಾಡುತ್ತದೆ, ಒಂದೇ ಬಣ್ಣದ ದೊಡ್ಡ ಚಿತ್ರ ಡಿಸ್ಕ್‌ನಲ್ಲಿ ಚಿಕ್ಕದಾಗಿರುತ್ತದೆ. ಇನ್ನೂ ಸುಲಭ ದಾರಿ: ನೀವು ಅಳೆದ ಮಿಲಿಸೆಕೆಂಡ್‌ಗಳನ್ನೇ ಜೇಸನ್ ಫೈಲಿನಲ್ಲಿ ಉಳಿಸಿ ತೂಕವಾಗಿ ಬಳಸಿ. ಭಾರದವನ್ನು ಮೊದಲು ಇಡಿ. ಕೊನೆಗೆ ಸರಸರ ಓಡುವ ಬಾರ್ ಯಾರಿಗೂ ಬೇಸರ ತರಿಸದು.

ಇಷ್ಟೆಲ್ಲ ಯಾಕೆ, ಒಂದು ಥ್ರೆಡ್ ಹಾಕಿಬಿಟ್ಟರೆ ಆಗಲ್ವಾ?

ಕೆಲವಕ್ಕೆ ಆಗುತ್ತದೆ, ಕೆಲವಕ್ಕೆ ಇಲ್ಲ. ಯಾವುದಕ್ಕೆ ಆಗುತ್ತದೆ ಎಂದು ತಿಳಿಯದೆ ಥ್ರೆಡ್ ಹಾಕಿದರೆ ಜರ್ಕ್ ಹಾಗೇ ಉಳಿದು, ಹಿಡಿಯಲಾಗದ ಬಗ್‌ಗಳು ಮೇಲಿನಿಂದ ಸೇರುತ್ತವೆ.

ಸಾಮಾನ್ಯ ಪೈಥಾನ್‌ನಲ್ಲಿ (ಸಿಪೈಥಾನ್) ಜಿಐಎಲ್ ಎಂಬ ಒಂದೇ ಬೀಗ ಇದೆ. ಪೈಥಾನ್ ಕೋಡ್ ಓಡಿಸಲು ಅದು ಕೈಯಲ್ಲಿರಬೇಕು. ಬೆಣ್ಣೆ ದೋಸೆ ಹೋಟೆಲಿನಲ್ಲಿ ಹಂಚು ಒಂದೇ ಇದ್ದರೆ ಭಟ್ಟರು ನಾಲ್ಕು ಜನ ಇದ್ದರೂ ಹುಯ್ಯುವುದು ಸರದಿಯ ಮೇಲೇ ತಾನೇ. ಆದರೆ ಡಿಸ್ಕ್‌ನಿಂದ ಫೈಲ್ ಓದುವಾಗ ಪೈಥಾನ್ ಈ ಬೀಗ ಬಿಟ್ಟುಕೊಡುತ್ತದೆ. ಫೈಲ್ ಹೆಸರು ಕೊಟ್ಟು ‘ಇಮೇಜ್.ಲೋಡ್’ ಕರೆದಾಗ ಪಿಎನ್‌ಜಿ ಬಿಚ್ಚುವ ಕೆಲಸವೂ ಬೀಗ ಬಿಟ್ಟೇ ನಡೆಯುತ್ತದೆ. ‘ಕ್ಲಾಕ್.ಟಿಕ್’ ನಿದ್ದೆ ಮಾಡುವಾಗಲೂ ಹಾಗೆಯೇ. ಆದ್ದರಿಂದ ಚಿತ್ರ ಲೋಡ್ ಮಾಡಲು ಥ್ರೆಡ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಡೇಟಾ ಫೈಲ್ ಬಿಚ್ಚುವ ‘ಜೇಸನ್.ಲೋಡ್ಸ್’, ‘ಪಿಕಲ್’ ಹಾಗಲ್ಲ. 20 ಎಂಬಿಯ ಮ್ಯಾಪ್ ಫೈಲನ್ನು ಬೇರೆ ಥ್ರೆಡ್‌ನಲ್ಲಿ ಪಾರ್ಸ್ ಮಾಡಿದರೂ ಮುಗಿಯುವ ತನಕ ಬೀಗ ಬಿಡುವುದಿಲ್ಲ, ಪರದೆ ನಿಲ್ಲುತ್ತದೆ. ನೀವೇ ಬರೆದ ಪೈಥಾನ್ ಲೂಪ್ ಆದರೆ ಬೇರೆ ಥ್ರೆಡ್ ಕಾಯುತ್ತಿರುವಾಗ 5 ಮಿಲಿಸೆಕೆಂಡ್‌ಗೊಮ್ಮೆ ಬಿಟ್ಟುಕೊಡುತ್ತದೆ. ಕೇಳಲು ಚೆನ್ನಾಗಿದೆ; ಆದರೆ ಮುಖ್ಯ ಥ್ರೆಡ್ ಒಂದೇ ಫ್ರೇಮ್‌ನಲ್ಲಿ ಮೂರು ಸಲ ಬೀಗ ಬಿಟ್ಟು ಕೇಳಿದರೆ 15 ಮಿಲಿಸೆಕೆಂಡ್ ಹೋಯಿತು. ಇದಕ್ಕೆ ಮದ್ದು ಥ್ರೆಡ್ ಅಲ್ಲ, ಫೈಲನ್ನು ಒಡೆಯುವುದು: ಸುತ್ತಿಗೊಂದು, ಇಲ್ಲವೇ ತುಂಡಿಗೊಂದು ಜೇಸನ್.

ಚಿತ್ರಗಳಿಗೆ ನಾವು ಹೇಳುವ ವ್ಯವಸ್ಥೆ ಇದು. ಕೆಲಸದ ಥ್ರೆಡ್ ಒಂದೇ ಒಂದು. ಅದು ಬೇಡಿಕೆ ಕ್ಯೂನಿಂದ ಫೈಲ್ ಹೆಸರು ತೆಗೆದು, ‘ಇಮೇಜ್.ಲೋಡ್’ ಮಾಡಿ, ಫಲಿತಾಂಶ ಕ್ಯೂಗೆ ಹಾಕುತ್ತದೆ. ಮುಖ್ಯ ಲೂಪ್ ಪ್ರತಿ ಫ್ರೇಮ್‌ನಲ್ಲಿ ‘ಗೆಟ್ ನೋವೇಟ್’ ಕರೆದು, ಸಿಕ್ಕಿದ್ದನ್ನು ಬಜೆಟ್‌ನೊಳಗೆ ಕನ್ವರ್ಟ್ ಮಾಡಿ ಡಿಕ್ಷನರಿಗೆ ಸೇರಿಸುತ್ತದೆ. ಕ್ಯೂ ಖಾಲಿಯಾಗಿದ್ದರೆ ‘ಎಂಪ್ಟಿ’ ಎಕ್ಸೆಪ್ಷನ್ ಹಿಡಿದು ಮುಂದೆ ಹೋಗುತ್ತದೆ. ಬರೀ ‘ಗೆಟ್’ ಬರೆದರೆ ಮುಖ್ಯ ಲೂಪ್ ಅಲ್ಲೇ ಕಾಯುತ್ತಾ ಕೂರುತ್ತದೆ, ಹ್ಯಾಂಗ್ ತಪ್ಪಿಸಲು ಹೋಗಿ ಹ್ಯಾಂಗ್ ತಂದುಕೊಂಡಂತೆ. ಫಲಿತಾಂಶ ಕ್ಯೂಗೆ ‘ಮ್ಯಾಕ್ಸ್‌ಸೈಜ್’ 4 ಇಡಿ, ಇಲ್ಲದಿದ್ದರೆ ಥ್ರೆಡ್ ಮುಂದೆ ಓಡಿ ಮೆಮೊರಿ ತುಂಬಿಸುತ್ತದೆ. ಡಿಸ್‌ಪ್ಲೇ, ಫ್ಲಿಪ್, ಈವೆಂಟ್ ಓದುವುದು, ಕನ್ವರ್ಟ್, ಇವು ನಾಲ್ಕೂ ಮುಖ್ಯ ಥ್ರೆಡ್‌ನಲ್ಲೇ ಇರಲಿ. ಓಪನ್‌ಜಿಎಲ್ ಬಳಸುವವರಿಗೂ ಇದೇ ನಿಯಮ: ಬಿಚ್ಚುವುದು ಥ್ರೆಡ್‌ನಲ್ಲಿ, ಟೆಕ್ಸ್ಚರ್ ಅಪ್‌ಲೋಡ್ ಕಾಂಟೆಕ್ಸ್ಟ್ ಇರುವ ಮುಖ್ಯ ಥ್ರೆಡ್‌ನಲ್ಲಿ.

ಪೈಥಾನ್ 3.13ರಿಂದ ಜಿಐಎಲ್ ಇಲ್ಲದ ಪ್ರತ್ಯೇಕ ಬಿಲ್ಡ್ ಸಿಗುತ್ತದೆ. ಮಾಮೂಲಿ ಇನ್‌ಸ್ಟಾಲ್‌ನಲ್ಲಿ ಬರುವುದು ಅದಲ್ಲ. ನಿಮ್ಮ ಆಟ ಆಡುವವರ ಕಂಪ್ಯೂಟರಿನಲ್ಲಿ ಅದಿರುತ್ತದೆ ಎಂದು ನಂಬಿ ಕೋಡ್ ಬರೆಯಬೇಡಿ.

ಥ್ರೆಡ್‌ನಲ್ಲಿ ಫೈಲ್ ಸಿಗದಿದ್ದರೆ ಬಾರ್ ಸುಮ್ಮನೆ ನಿಂತಿರುತ್ತೆ, ಎರರ್ ಗೊತ್ತಾಗಲ್ಲ.

ಥ್ರೆಡ್ ಒಳಗಿನ ಎಕ್ಸೆಪ್ಷನ್ ಟರ್ಮಿನಲ್‌ಗೆ ಪ್ರಿಂಟ್ ಆಗಿ ಥ್ರೆಡ್ ಸಾಯುತ್ತದೆ. ಮುಖ್ಯ ಥ್ರೆಡ್‌ಗೆ ಸುದ್ದಿಯೇ ಇಲ್ಲ. ಕನ್ಸೋಲ್ ಇಲ್ಲದ ಇಎಕ್ಸ್‌ಇ ಆದರೆ ಆ ಪ್ರಿಂಟೂ ಕಾಣದು. ಲೋಡ್ ಮಾಡುವ ಸಾಲನ್ನು ಟ್ರೈ ಒಳಗಿಟ್ಟು, ಎರರ್ ಬಂದರೆ ಆ ಎರರನ್ನೇ ಫಲಿತಾಂಶ ಕ್ಯೂಗೆ ಹಾಕಿ. ಮುಖ್ಯ ಲೂಪ್ ಅದನ್ನು ನೋಡಿ ಕಣ್ಣಿಗೆ ಹೊಡೆಯುವ ಗುಲಾಬಿ ಬಣ್ಣದ ಚೌಕವನ್ನು ಆ ಚಿತ್ರದ ಜಾಗದಲ್ಲಿ ಇಡಲಿ, ಹೆಸರು ಲಾಗ್ ಮಾಡಲಿ. ‘ಥ್ರೆಡ್‌ಪೂಲ್ ಎಕ್ಸಿಕ್ಯೂಟರ್’ ಬಳಸಿದರೆ ‘ರಿಸಲ್ಟ್’ ಕೇಳಿದಾಗ ಎರರ್ ತಾನೇ ಮೇಲೆ ಬರುತ್ತದೆ. ಆದರೆ ‘ಡನ್’ ನಿಜವಾದ ಮೇಲಷ್ಟೇ ಕೇಳಿ, ಮೊದಲೇ ಕೇಳಿದರೆ ಕಾಯುತ್ತದೆ.

ಫೈಲ್ ಸಿಗದಿರಲು ಮಾಮೂಲಿ ಕಾರಣ ಅಕ್ಷರದ ಗಾತ್ರ. ಫೋಲ್ಡರಿನಲ್ಲಿ ದೊಡ್ಡಕ್ಷರದ ಪಿಎನ್‌ಜಿ, ಕೋಡ್‌ನಲ್ಲಿ ಚಿಕ್ಕಕ್ಷರದ್ದು. ವಿಂಡೋಸ್ ಕ್ಷಮಿಸುತ್ತದೆ, ಉಬುಂಟು ಕ್ಷಮಿಸುವುದಿಲ್ಲ. ಇನ್ನೊಂದು, ಬೇರೆ ಫೋಲ್ಡರಿನಿಂದ ಓಡಿಸಿದ್ದು. ಪಾತ್‌ಗಳನ್ನು ‘ಪಾತ್‌ಲಿಬ್’ನಿಂದ ಕೋಡ್ ಫೈಲ್ ಇರುವ ಜಾಗವನ್ನೇ ಆಧಾರ ಮಾಡಿ ಕಟ್ಟಿ. ಕನ್ನಡ ಸಂಭಾಷಣೆ ಇರುವ ಫೈಲ್ ತೆರೆಯುವಾಗ ಎನ್‌ಕೋಡಿಂಗ್ ‘ಯುಟಿಎಫ್-8’ ಎಂದು ಬಿಡಿಸಿ ಬರೆಯಿರಿ, ಇಲ್ಲದಿದ್ದರೆ ವಿಂಡೋಸ್‌ನಲ್ಲಿ ಎರರ್ ಬರುತ್ತದೆ ಅಥವಾ ಅಕ್ಷರಗಳು ಕಲಸುಮೇಲೋಗರವಾಗುತ್ತವೆ.

ಮಲ್ಟಿಪ್ರೊಸೆಸಿಂಗ್?

ಅಂದರೆ ಕೆಲಸವನ್ನು ಬೇರೊಂದು ಪ್ರೊಸೆಸ್‌ನಲ್ಲಿ ಮಾಡಿಸುವುದು. ಮ್ಯಾಪ್ ತಾನೇ ಹುಟ್ಟಿಸುವ ಭಾರಿ ಲೆಕ್ಕಾಚಾರ ಇದ್ದರೆ ಮಾತ್ರ. ಸರ್ಫೇಸನ್ನು ಇನ್ನೊಂದು ಪ್ರೊಸೆಸ್‌ಗೆ ಕಳಿಸಲು ಆಗುವುದಿಲ್ಲ, ಅದು ಪಿಕಲ್ ಆಗದು. ಬೈಟ್ಸ್ ಮಾಡಿ ಕಳಿಸಿ, ಈ ಕಡೆ ‘ಫ್ರಂ ಬಫರ್’ನಿಂದ ಕಟ್ಟಬೇಕು, ಆ ನಕಲಿಗೂ ಸಮಯ ಬೇಕು. ವಿಂಡೋಸ್‌ನಲ್ಲಿ ‘ಮೇನ್’ ಗಾರ್ಡ್ ಹಾಕದಿದ್ದರೆ ಮಗು ಪ್ರೊಸೆಸ್ ನಿಮ್ಮ ಫೈಲನ್ನು ಮತ್ತೆ ಮೊದಲಿಂದ ಓಡಿಸಿ ರನ್‌ಟೈಮ್ ಎರರ್ ಕೊಡುತ್ತದೆ.

ಅಸಿಂಕ್‌ಐಒ ಬಳಸಿದರೆ ಹ್ಯಾಂಗ್ ಆಗಲ್ಲ ಅಂತಾರೆ.

‘ಅಸಿಂಕ್’ ಎಂದು ಮುಂದೆ ಬರೆದ ಮಾತ್ರಕ್ಕೆ ‘ಇಮೇಜ್.ಲೋಡ್’ ಬೇಗ ಬಿಟ್ಟುಕೊಡುವುದಿಲ್ಲ. ‘ಟು ಥ್ರೆಡ್’ (ಪೈಥಾನ್ 3.9ರಿಂದ ಇದೆ) ಮೂಲಕ ಕರೆದರೆ ಕೊನೆಗೆ ಅದೂ ಥ್ರೆಡ್ಡೇ.

ಲೋಡಿಂಗ್ ಪರದೆಯೇ ಇಲ್ಲದೆ ಒಂದು ಸುತ್ತಿನಿಂದ ಇನ್ನೊಂದಕ್ಕೆ ಹೋಗುವಂತೆ ಮಾಡುವುದು ಹೇಗೆ?

ಕೋಟೆ ಆಟಕ್ಕೆ ಇದು ಹೇಳಿ ಮಾಡಿಸಿದ್ದು. ಮ್ಯಾಪನ್ನು 16×16 ಟೈಲ್‌ಗಳ ತುಂಡುಗಳಾಗಿ ಮಾಡಿ. ಟೈಲ್ 32 ಪಿಕ್ಸೆಲ್ ಆದರೆ ತುಂಡು 512×512, ಪಿಕ್ಸೆಲ್‌ಗೆ 4 ಬೈಟ್‌ನಂತೆ 1 ಎಂಬಿ. ಆಟಗಾರ ನಿಂತ ತುಂಡಿನ ಸುತ್ತ ಎಲ್ಲ ಕಡೆ ಎರಡೆರಡು, ಅಂದರೆ 5×5 ತುಂಡು, 25 ಎಂಬಿ.

ಈಗ ಗಡುವಿನ ಲೆಕ್ಕ. ಪರದೆ 1280 ಅಗಲ, ಆಟಗಾರ ನಡುವೆ, ಹಾಗಾಗಿ ಬಲಕ್ಕೆ 640 ಪಿಕ್ಸೆಲ್ ಕಾಣುತ್ತದೆ. ಆತ ಬಲಕ್ಕೆ ನಡೆಯುತ್ತಾ ಹೊಸ ತುಂಡಿಗೆ ಕಾಲಿಟ್ಟ ಕ್ಷಣ, ಬಲತುದಿಗೆ ಹೊಸ ಕಾಲಂನ 5 ತುಂಡು ಬೇಕು. ಆ ಕಾಲಂ ಶುರುವಾಗುವುದು 1024 ಪಿಕ್ಸೆಲ್ ಆಚೆ. ಆತ 384 ಪಿಕ್ಸೆಲ್ ನಡೆದಾಗ ಅದು ಕಣ್ಣಿಗೆ ಬೀಳುತ್ತದೆ. ಸೆಕೆಂಡ್‌ಗೆ 200 ಪಿಕ್ಸೆಲ್ ವೇಗವಾದರೆ 1.9 ಸೆಕೆಂಡ್, ಸುಮಾರು 115 ಫ್ರೇಮ್. ಫ್ರೇಮ್‌ಗೆ 3 ಮಿಲಿಸೆಕೆಂಡ್ ಬಜೆಟ್ ಇದ್ದರೆ ಒಟ್ಟು 345 ಮಿಲಿಸೆಕೆಂಡ್ ಕೈಯಲ್ಲಿದೆ, ತುಂಡಿಗೆ 69. ನಿಮ್ಮ ಅಳತೆ ಇದರೊಳಗೆ ಇದ್ದರೆ ಸರಿ. ಓಡುವ ಬಟನ್ ಇದ್ದು ವೇಗ ಎರಡರಷ್ಟಾದರೆ ಎಲ್ಲವೂ ಅರ್ಧ. ಲೆಕ್ಕ ಮಾಡುವುದು ಯಾವಾಗಲೂ ಅತಿ ವೇಗಕ್ಕೆ. ಒಂದು ತುಂಡು ಕಟ್ಟಲು 20 ಮಿಲಿಸೆಕೆಂಡ್ ಬೇಕಾದರೆ ಒಂದೊಂದು ಸಾಲಿನ 16 ಟೈಲ್ ಬರೆದ ಮೇಲೆ ಯೀಲ್ಡ್ ಮಾಡಿ. ಆಗ ಒಂದು ಹೆಜ್ಜೆ 1.25 ಮಿಲಿಸೆಕೆಂಡ್‌ಗೆ ಇಳಿಯುತ್ತದೆ, ಜರ್ಕ್ ಇರುವುದಿಲ್ಲ.

ತೆಗೆದುಹಾಕುವ ದೂರ ಲೋಡ್ ಮಾಡುವ ದೂರಕ್ಕಿಂತ ಹೆಚ್ಚಿರಲಿ: ಎರಡು ತುಂಡಿನೊಳಗೆ ಬಂದರೆ ಲೋಡ್, ಮೂರು ತುಂಡು ದಾಟಿದರೆ ಮಾತ್ರ ಅಳಿಸು. ಎರಡೂ ಒಂದೇ ಆದರೆ ಗಡಿಯ ಮೇಲೆ ಹಿಂದೆ ಮುಂದೆ ಓಡಾಡುವ ಆಟಗಾರ ಅದೇ 5 ತುಂಡುಗಳನ್ನು ಪದೇ ಪದೇ ಲೋಡ್ ಮಾಡಿಸುತ್ತಿರುತ್ತಾನೆ. ಬೇಡಿಕೆಗಳನ್ನು ‘ಹೀಪ್‌ಕ್ಯೂ’ದಲ್ಲಿ ದೂರದ ಪ್ರಕಾರ ಜೋಡಿಸಿ, ಆತ ತಿರುಗಿ ಬಂದಾಗ ಹಳೆಯ ಬೇಡಿಕೆಗಳನ್ನು ಬಿಸಾಡಿ.

ಇನ್ನು ಕೋಟೆಯ ಅನುಕೂಲ. ದುರ್ಗದ ಬಾಗಿಲುಗಳು ಒಂದರ ಎದುರು ಒಂದು ನೇರವಾಗಿಲ್ಲ. ಒಂದು ದಾಟಿ ಗೋಡೆಗುಂಟ ತಿರುಗಿದ ಮೇಲೇ ಮುಂದಿನದು ಕಾಣುವುದು. ಶತ್ರುಗಳನ್ನು ತಡೆಯಲು ಕಟ್ಟಿದ ಆ ತಿರುವು ಆಟ ಬರೆಯುವವರಿಗೂ ಲಾಭ, ತಿರುಗುವ ತನಕ ಮುಂದಿನ ಸುತ್ತಿನ ಚಿತ್ರಗಳು ಬೇಕಿಲ್ಲ. ಒನಕೆ ಓಬವ್ವನ ಕಿಂಡಿಯಂಥ ಜಾಗ ಇನ್ನೂ ಒಳ್ಳೆಯದು: ಒಬ್ಬೊಬ್ಬರೇ ಮೈ ಬಾಗಿಸಿ ನುಸುಳಬೇಕು, ನಿಧಾನ ನಡಿಗೆಗೆ ಕಾರಣ ಕೇಳುವವರಿಲ್ಲ, ಸುತ್ತ ಬರೀ ಕತ್ತಲ ಬಂಡೆ. ಅಲ್ಲಿ 3 ಸೆಕೆಂಡ್ ಸಿಕ್ಕರೆ ಧಾರಾಳ.

ಟ್ರಿಗರ್ (ಮುಂದಿನ ಸುತ್ತಿನ ಲೋಡ್ ಶುರು ಮಾಡಿಸುವ ಗುರುತು) ಇಡುವ ಜಾಗ: ನಿಧಾನದ ಕಂಪ್ಯೂಟರಿನಲ್ಲಿ ಮುಂದಿನ ಸುತ್ತಿಗೆ 1.5 ಸೆಕೆಂಡ್ ಬೇಕಾದರೆ 200ರ ವೇಗಕ್ಕೆ 300 ಪಿಕ್ಸೆಲ್ ಮೊದಲು. ಎರಡರಷ್ಟು ಮಾಡಿ 600 ಇಡಿ. ಅಷ್ಟಾದರೂ ಮುಗಿಯದಿದ್ದರೆ? ಬಾಗಿಲು ತೆರೆಯುವ ಅನಿಮೇಷನ್ ಲೋಡ್ ಮುಗಿದ ಮೇಲೇ ಶುರುವಾಗಲಿ. ಆಟಗಾರ ಮುಚ್ಚಿದ ಬಾಗಿಲ ಮುಂದೆ ಅರೆಕ್ಷಣ ನಿಂತರೆ ಏನೂ ತೊಂದರೆಯಿಲ್ಲ, ಅರ್ಧ ಬರೆದ ಸುತ್ತಿನೊಳಗೆ ಬಂದರೆ ಇದೆ.

ಫೋಲ್ಡರ್ ಬರೀ 12 ಎಂಬಿ ಇದೆ, ಆಟ 400 ಎಂಬಿ ರ‍್ಯಾಮ್ ತಿನ್ನುತ್ತೆ. ಯಾಕೆ?

ಡಿಸ್ಕ್‌ನಲ್ಲಿ ಒತ್ತಿಟ್ಟ ಪಿಎನ್‌ಜಿ ಮೆಮೊರಿಯಲ್ಲಿ ಬಿಚ್ಚಿಕೊಳ್ಳುತ್ತದೆ. 1920×1080ರ ಒಂದು ಚಿತ್ರ 300 ಕೆಬಿ ಫೈಲ್ ಆಗಿದ್ದರೂ ರ‍್ಯಾಮ್‌ನಲ್ಲಿ 8.3 ಎಂಬಿ, ಅಂಥ 40 ಹಿನ್ನೆಲೆ ಇದ್ದರೆ 332 ಎಂಬಿ. ‘ಆರ್ಡರ್ಡ್ ಡಿಕ್ಟ್’ನಲ್ಲಿ ಇಟ್ಟುಕೊಂಡು, ಬಳಸಿದ್ದನ್ನು ಕೊನೆಗೆ ಸರಿಸಿ, ಒಟ್ಟು ಬೈಟ್ ಮಿತಿ ದಾಟಿದಾಗ ಮೊದಲಿನದನ್ನು ತೆಗೆಯಿರಿ. ಎಲ್ಲೋ ಒಂದು ಸ್ಪ್ರೈಟ್ ಅದೇ ಸರ್ಫೇಸನ್ನು ಹಿಡಿದುಕೊಂಡಿದ್ದರೆ ಡಿಕ್ಷನರಿಯಿಂದ ತೆಗೆದರೂ ಮೆಮೊರಿ ಬಿಡುಗಡೆಯಾಗುವುದಿಲ್ಲ. ಸ್ಪ್ರೈಟ್‌ಗಳು ಚಿತ್ರದ ಹೆಸರನ್ನಷ್ಟೇ ಇಟ್ಟುಕೊಂಡರೆ ಈ ರಗಳೆ ಇಲ್ಲ.

ಹಾಡು ಬರುತ್ತಿದೆ, ಚಿತ್ರ ಮಾತ್ರ ನಿಂತಿದೆ!

ಮಿಕ್ಸರ್ ತನ್ನದೇ ಥ್ರೆಡ್‌ನಲ್ಲಿ ನುಡಿಸುತ್ತದೆ, ಅದಕ್ಕೇ ಹಾಗೆ. ಉದ್ದದ ಸಂಗೀತಕ್ಕೆ ‘ಮಿಕ್ಸರ್.ಮ್ಯೂಸಿಕ್’ ಬಳಸಿ, ಅದು ಸ್ವಲ್ಪ ಸ್ವಲ್ಪವೇ ಓದುತ್ತಾ ಹೋಗುತ್ತದೆ. ‘ಸೌಂಡ್’ ಪೂರ್ತಿ ಬಿಚ್ಚಿ ಮೆಮೊರಿಗೆ ಹಾಕುತ್ತದೆ: 44,100 ದರದ 16 ಬಿಟ್ ಸ್ಟೀರಿಯೋ, 3 ನಿಮಿಷಕ್ಕೆ ಸುಮಾರು 32 ಎಂಬಿ. ಕಹಳೆ, ಹೆಜ್ಜೆ ಸದ್ದು, ಒನಕೆ ಏಟು, ಇಂಥ ಚಿಕ್ಕವಕ್ಕಷ್ಟೇ ‘ಸೌಂಡ್’.

ಇನ್ನೊಂದು ಅಡಗಿದ ಗುಂಡಿ: ಹಳೆ ಹಾಡು ‘ಫೇಡ್‌ಔಟ್’ ಆಗುತ್ತಿರುವಾಗಲೇ ಹೊಸದನ್ನು ಪ್ಲೇ ಮಾಡಿದರೆ ಫೇಡ್ ಮುಗಿಯುವ ತನಕ ಪ್ರೋಗ್ರಾಂ ಆ ಸಾಲಿನಲ್ಲೇ ನಿಲ್ಲಬಹುದು. ಎರಡು ಸೆಕೆಂಡ್ ಫೇಡ್ ಕೊಟ್ಟರೆ ಎರಡು ಸೆಕೆಂಡ್ ಹ್ಯಾಂಗ್. ‘ಸೆಟ್ ಎಂಡ್‌ಈವೆಂಟ್’ ಇಟ್ಟು, ಆ ಈವೆಂಟ್ ಬಂದ ಮೇಲೆ ಹೊಸ ಹಾಡು ಶುರು ಮಾಡಿ.

ಲೋಡಿಂಗ್ ಪರದೆಯಲ್ಲಿ ‘ಚಿತ್ರದುರ್ಗ’ ಅಂತ ಬರೆಸಿದರೆ ಒತ್ತಕ್ಷರ ಒಡೆದು ಬರುತ್ತೆ.

ಕನ್ನಡಕ್ಕೆ ಅಕ್ಷರ ಜೋಡಣೆ ಬೇಕು. ತ್ರ, ರ್ಗ ಬಿಡಿಬಿಡಿಯಾಗಿ ಅರ್ಧಾಕ್ಷರದ ಗುರುತಿನೊಂದಿಗೆ ಬಂದರೆ ಜೋಡಣೆ ನಡೆದಿಲ್ಲ ಎಂದರ್ಥ. ಪೈಗೇಮ್-ಸಿಇಯಲ್ಲಿ ಫಾಂಟ್‌ಗೆ ‘ಸೆಟ್ ಸ್ಕ್ರಿಪ್ಟ್’ ಇದೆ, ಕನ್ನಡದ ನಾಲ್ಕಕ್ಷರದ ಕೋಡ್ ಕೆ-ಎನ್-ಡಿ-ಎ, ಮೊದಲನೆಯದು ದೊಡ್ಡಕ್ಷರ. ಒಳಗಿನ ಎಸ್‌ಡಿಎಲ್ ಟಿಟಿಎಫ್ 2.20 ಅಥವಾ ಹೊಸದಿರಬೇಕು. ಆಗದಿದ್ದರೆ ಆ ನಾಲ್ಕು ಸಾಲನ್ನು ಇಂಕ್‌ಸ್ಕೇಪ್‌ನಲ್ಲಿ ಬರೆದು ಪಿಎನ್‌ಜಿ ಮಾಡಿಟ್ಟುಕೊಳ್ಳಿ. ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಫೈಲನ್ನು ಆಟದ ಫೋಲ್ಡರಿನಲ್ಲೇ ಇಟ್ಟರೆ ‘ಸಿಸ್‌ಫಾಂಟ್’ನ ಹುಡುಕಾಟವೂ ತಪ್ಪುತ್ತದೆ. ಪರ್ಸೆಂಟ್ ಸಂಖ್ಯೆ ಬದಲಾದಾಗ ಮಾತ್ರ ‘ರೆಂಡರ್’ ಮಾಡಿ, ಪ್ರತಿ ಫ್ರೇಮ್ ಅಲ್ಲ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಸಲೀಸು, ಕಾಲೇಜು ಲ್ಯಾಬ್‌ನಲ್ಲಿ ಹ್ಯಾಂಗ್.

ನಿಮ್ಮದು ಎಸ್‌ಎಸ್‌ಡಿ, ಅಲ್ಲಿರುವುದು ತಿರುಗುವ ಹಾರ್ಡ್ ಡಿಸ್ಕ್ ಇರಬೇಕು. ತಿರುಗುವ ಡಿಸ್ಕ್‌ಗೆ ಒಂದೊಂದು ಬಿಡಿ ಫೈಲ್ ಹುಡುಕಲು 10 ಮಿಲಿಸೆಕೆಂಡ್ ಆಸುಪಾಸು ಹಿಡಿಯುತ್ತದೆ. 400 ಫೈಲ್ ಅಂದರೆ ಬರೀ ಹುಡುಕಾಟಕ್ಕೇ 4 ಸೆಕೆಂಡ್. ಸಣ್ಣ ಚಿತ್ರಗಳನ್ನೆಲ್ಲ ಒಂದೆರಡು ಸ್ಪ್ರೈಟ್ ಶೀಟ್‌ಗಳಿಗೆ ಸೇರಿಸಿ, ಲೋಡ್ ಆದ ಮೇಲೆ ‘ಸಬ್‌ಸರ್ಫೇಸ್’ನಿಂದ ತೆಗೆಯಿರಿ. ಸಬ್‌ಸರ್ಫೇಸ್ ನಕಲು ಮಾಡುವುದಿಲ್ಲ, ಹಾಗಾಗಿ ಅದು ಬಹುತೇಕ ಪುಕ್ಕಟೆ. ಪೆನ್‌ಡ್ರೈವ್‌ನಿಂದ ನೇರ ಓಡಿಸಬೇಡಿ, ಮೊದಲು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಗೆ ಬಿದ್ದು ಪ್ರೊಸೆಸರ್ ವೇಗ ಇಳಿಸಬಹುದು. ಚಾರ್ಜರ್ ತೆಗೆದೂ ಒಮ್ಮೆ ಪರೀಕ್ಷಿಸಿ.

ಲೋಡ್ ಮುಗಿದ ಕೂಡಲೇ ಪಾತ್ರ ಗೋಡೆ ತೂರಿ ಆಚೆ ಹೋಗಿಬಿಡುತ್ತೆ.

‘ಕ್ಲಾಕ್.ಟಿಕ್’ ಕೊಟ್ಟ ಸಮಯದಲ್ಲಿ ನಿಂತಿದ್ದ ಸಮಯವೂ ಸೇರಿದೆ. 2 ಸೆಕೆಂಡ್ ನಿಂತಿದ್ದರೆ 200ರ ವೇಗದ ಪಾತ್ರ ಒಂದೇ ಹೆಜ್ಜೆಗೆ 400 ಪಿಕ್ಸೆಲ್ ಹಾರುತ್ತದೆ, ಗೋಡೆ ಮಧ್ಯದಲ್ಲೇ ಉಳಿಯುತ್ತದೆ. ಆ ಬೆಲೆಯನ್ನು 50 ಮಿಲಿಸೆಕೆಂಡ್‌ಗೆ ಮಿತಿ ಮಾಡಿ. ಲೋಡಿಂಗ್ ಮುಗಿದಾಗ ಒಮ್ಮೆ ಸುಮ್ಮನೆ ‘ಟಿಕ್’ ಕರೆದು ಬಂದದ್ದನ್ನು ಬಿಸಾಡಿದರೂ ಆಯಿತು.

ಲೋಡ್ ಆಗುವಾಗಲೇ ಕ್ಲೋಸ್ ಒತ್ತಿದರೆ ವಿಂಡೋ ಹೋಗುತ್ತೆ, ಪ್ರೋಗ್ರಾಂ ಟಾಸ್ಕ್ ಮ್ಯಾನೇಜರ್‌ನಲ್ಲಿ ಉಳಿಯುತ್ತೆ.

ಕೆಲಸದ ಥ್ರೆಡ್ ತುಂಬಿದ ಕ್ಯೂ ಮುಂದೆ ‘ಪುಟ್’ನಲ್ಲಿ ಕಾಯುತ್ತಿದೆ, ತೆಗೆಯುವವರು ಯಾರೂ ಇಲ್ಲ. ಥ್ರೆಡ್ ಮಾಡುವಾಗ ‘ಡೀಮನ್’ ನಿಜ ಎಂದು ಕೊಡಿ, ‘ಪುಟ್’ಗೆ 0.1 ಸೆಕೆಂಡ್ ಟೈಮ್‌ಔಟ್ ಇಟ್ಟು, ಪ್ರತಿ ಸಲ ನಿಲ್ಲಿಸುವ ‘ಥ್ರೆಡಿಂಗ್.ಈವೆಂಟ್’ ನೋಡಿಸಿ. ಥ್ರೆಡ್ ಮುಗಿದ ಮೇಲೆ ‘ಪೈಗೇಮ್.ಕ್ವಿಟ್’ ಕರೆಯಿರಿ, ಮೊದಲೇ ಕರೆದರೆ ಲೋಡ್ ನಡುವೆ ಕ್ರ್ಯಾಶ್ ಆಗಬಹುದು. ಜನರೇಟರ್ ದಾರಿ ಹಿಡಿದವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಇಎಕ್ಸ್‌ಇ ಮಾಡಿದ ಮೇಲೆ ಡಬಲ್ ಕ್ಲಿಕ್ ಮಾಡಿ ಕಾಯಬೇಕು, ಲೋಡಿಂಗ್ ಪರದೆಯೂ ಬರಲ್ಲ.

ಇಎಕ್ಸ್‌ಇ ಮಾಡಿಕೊಡುವ ಪೈಇನ್‌ಸ್ಟಾಲರ್‌ನ ‘ಒನ್‌ಫೈಲ್’ ಪ್ರತಿ ಸಲ ಎಲ್ಲವನ್ನೂ ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿದ ಮೇಲೇ ಪೈಥಾನ್ ಶುರು ಮಾಡುತ್ತದೆ. ಆ ಹೊತ್ತಿಗೆ ನಿಮ್ಮ ಕೋಡ್ ಇನ್ನೂ ಓಡಿಯೇ ಇಲ್ಲ. ‘ಒನ್‌ಡಿರ್’ ಬಳಸಿ, ಜಿಪ್ ಮಾಡಿ ಕೊಡಿ.

ಬ್ರೌಸರಿನಲ್ಲಿ ಆಡುವ ಹಾಗೆ ಮಾಡಿದರೆ ಇದೆಲ್ಲ ನಡೆಯುತ್ತಾ?

ಪೈಗೇಮ್ ಆಟವನ್ನು ಬ್ರೌಸರಿಗೆ ತರುವ ಪೈಗ್‌ಬ್ಯಾಗ್ ಬಳಸುವುದಾದರೆ ಥ್ರೆಡ್ ದಾರಿ ಬಿಡಿ. ಮುಖ್ಯ ಲೂಪನ್ನು ‘ಅಸಿಂಕ್’ ಫಂಕ್ಷನ್ ಮಾಡಿ, ಪ್ರತಿ ಫ್ರೇಮ್ ಕೊನೆಗೆ ‘ಅಸಿಂಕ್‌ಐಒ.ಸ್ಲೀಪ್’ ಸೊನ್ನೆಗೆ ‘ಅವೇಟ್’ ಹಾಕಬೇಕು. ಅದಿಲ್ಲದಿದ್ದರೆ ಟ್ಯಾಬ್ ಪೂರ್ತಿ ಸಿಕ್ಕಿಕೊಳ್ಳುತ್ತದೆ. ಹಾಡುಗಳು ಎಂಪಿ3 ಬದಲು ಒಜಿಜಿ ಇರಲಿ. ಜನರೇಟರ್ ಮತ್ತು ಬಜೆಟ್‌ನ ಕೋಡ್ ಅಲ್ಲೂ ಒಂದಕ್ಷರ ಬದಲಾಯಿಸದೆ ಓಡುತ್ತದೆ, ಬಜೆಟ್‌ನ ಅಂಕಿಯನ್ನು ಮಾತ್ರ ಬ್ರೌಸರಿನಲ್ಲಿ ಮತ್ತೆ ಅಳೆದು ಇಡಿ.